ಒಬ್ಬರೇ ಹಾಯಿದೋಣಿಯನ್ನು ಟ್ರೇಲರ್‌ಗೆ ಏರಿಸುವ ಕ್ರಮ: ಹಿನ್ನೀರಿನ ದಂಡೆಗಾಗಿ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ದೋಣಿಯನ್ನು ಒಬ್ಬರೇ ನೀರಿಗಿಳಿಸಿದವರು ಸಂಜೆ ಅದನ್ನೇ ಟ್ರೇಲರ್‌ಗೆ ಏರಿಸುವಾಗ ದಂಡೆಯ ಮೇಲೆ ಹಾಯುವವರನ್ನೆಲ್ಲ ಕೂಗಿ ಕರೆಯುವುದನ್ನು ಅಲಮಟ್ಟಿ ಹಿನ್ನೀರಿನಲ್ಲಿ ಹಲವು ಬಾರಿ ನೋಡಿದ್ದೇನೆ. ಇಳಿಸುವಾಗ ಇಳಿಜಾರು ನಮ್ಮ ಪರವಾಗಿರುತ್ತದೆ. ಏರಿಸುವಾಗ ಇಳಿಜಾರು, ಗಾಳಿ, ಕೆಸರು ಮತ್ತು ದಿನದ ದಣಿವು ನಾಲ್ಕೂ ಕೂಡಿ ಎದುರು ನಿಲ್ಲುತ್ತವೆ. ಅಂಥ ಹೊತ್ತಿನಲ್ಲಿ ಕೆಲಸ ಕೆಡುವುದು ಬಹುಮಟ್ಟಿಗೆ ಕ್ರಮ ತಪ್ಪುವುದರಿಂದ. ಟ್ರೇಲರ್ ಸಿದ್ಧವಾಗುವ ಮೊದಲೇ ದೋಣಿಯನ್ನು ದಂಡೆಯ ಕೆಸರಿಗೆ ಎಳೆದು ಕೂರಿಸುತ್ತಾರೆ, ನೀರು ಹೊರಬೇಕಾದ ಭಾರವನ್ನು ತಾವು ಹೊರಲು ಹೋಗುತ್ತಾರೆ, ದೋಣಿ ಓರೆಯಾಗಿ ಕೂತದ್ದು ಗೊತ್ತಿದ್ದೂ ವಿಂಚ್ (ಪಟ್ಟಿ ಸುತ್ತಿ ದೋಣಿಯನ್ನು ಎಳೆಯುವ ಕೈರಾಟೆ) ತಿರುಗಿಸುತ್ತಲೇ ಇರುತ್ತಾರೆ.

ಈ ಬರಹ 10ರಿಂದ 15 ಅಡಿ ಉದ್ದದ, ಖಾಲಿ ತೂಕ 200 ಕಿಲೋ ದಾಟದ ದೋಣಿಗಳಿಗೆ ಅನ್ವಯಿಸುತ್ತದೆ. ಸುಮಾರು 4.2 ಮೀಟರ್ ಉದ್ದದ, 59 ಕಿಲೋ ತೂಕದ ಲೇಸರ್‌ನಂಥ ಹಗುರ ದೋಣಿಯನ್ನು ಕೈಗಾಡಿಯ ಮೇಲೇ ಎಳೆಯಬಹುದು. ಅದಕ್ಕೆ ಇಲ್ಲಿನ ವಿಂಚ್ ಭಾಗ ಬೇಕಾಗುವುದಿಲ್ಲ, ಗಾಳಿ ಮತ್ತು ದಂಡೆಯ ಭಾಗಗಳು ಬೇಕಾಗುತ್ತವೆ. ತಳದ ನಡುವೆ ಉದ್ದಕ್ಕೂ ಭಾರದ ಕೀಲ್ (ದೋಣಿಯ ಬೆನ್ನೆಲುಬು) ಇರುವ ದೊಡ್ಡ ದೋಣಿಯನ್ನು ಮಣ್ಣಿನ ದಂಡೆಯಲ್ಲಿ ಒಬ್ಬರೇ ಏರಿಸಲು ಹೋಗಲೇಬಾರದು. ನೀರಿಗಿಳಿಯುವ ಮುನ್ನ ಜಲಾಶಯದ ಉಸ್ತುವಾರಿ ಹೊತ್ತವರ ಅನುಮತಿಯೂ ಬೇಕು: ಅಲಮಟ್ಟಿಗೆ ಕೃಷ್ಣಾ ಭಾಗ್ಯ ಜಲ ನಿಗಮ, ಹಿಡಕಲ್ ಮತ್ತು ನವಿಲುತೀರ್ಥಕ್ಕೆ ಕರ್ನಾಟಕ ನೀರಾವರಿ ನಿಗಮ. ಅಣೆಕಟ್ಟಿನ ಗೋಡೆ ಮತ್ತು ಗೇಟುಗಳ ಆಸುಪಾಸಿಗೆ ಯಾವ ಕಾರಣಕ್ಕೂ ಹೋಗಬಾರದು.

ಜೊತೆಗಿರಬೇಕಾದ ಸಾಮಾನು

ಟ್ರೇಲರ್‌ನಲ್ಲಿ ಕೈವಿಂಚ್, ದೋಣಿಯ ಮೂತಿ ಬಂದು ತಾಗುವ ರಬ್ಬರಿನ ತಡೆ, ನಡುವೆ ಸಾಲಾಗಿ ರೋಲರುಗಳು, ಹಿಂದೆ ಎರಡೂ ಬದಿಗೆ ನಿಲ್ಲಿಸಿದ ಮಾರ್ಗದರ್ಶಿ ಕೊಳವೆಗಳು ಇರಬೇಕು. ಈ ಕೊಳವೆಗಳನ್ನು ಹೆಚ್ಚಿನವರು ಅಲಂಕಾರವೆಂದು ತಿಳಿದು ಕೈಬಿಡುತ್ತಾರೆ. ಒಬ್ಬರೇ ಕೆಲಸ ಮಾಡುವವರಿಗೆ ಎರಡನೆಯ ಜೋಡಿ ಕಣ್ಣು ಅವೇ. ಟ್ರೇಲರ್ ನೀರಿನೊಳಗೆ ಮುಳುಗಿ ಕಾಣದಾದಾಗ ಅದರ ಅಗಲವನ್ನೂ ದಿಕ್ಕನ್ನೂ ತೋರಿಸುವುದು ನೀರಿನ ಮೇಲೆ ನಿಂತ ಈ ಕೊಳವೆಗಳು ಮಾತ್ರ. ಎರಡು ಇಂಚಿನ ಪಿವಿಸಿ ಕೊಳವೆ ಸಾಕು. ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ವಾಹನದ ಕನ್ನಡಿಯಲ್ಲೂ ಕಾಣುತ್ತದೆ. ರೋಲರುಗಳು ಸವೆದಿದ್ದರೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಂಥ ಕಡೆ ಅಳತೆ ಕೊಟ್ಟು ನೈಲಾನಿನಲ್ಲಿ ಕಡೆಯಿಸಿಕೊಳ್ಳಬಹುದು.

ಇದಲ್ಲದೆ 12 ಮಿಲಿಮೀಟರ್ ದಪ್ಪದ 20 ಮೀಟರ್ ಪಾಲಿಯೆಸ್ಟರ್ ಹಗ್ಗ, ತೇಲುವ ಗುಣದ 10 ಮೀಟರ್ ಪಾಲಿಪ್ರೊಪಿಲೀನ್ ಹಗ್ಗ, ಮೂರಡಿಯ ಎರಡು ಕಬ್ಬಿಣದ ಗೂಟ, ಹಾರೆ, ಗಾಲಿಗೆ ಕೊಡಲು ಮರದ ನಾಲ್ಕು ಬೆಣೆ, ಒಂದು ಅಡಿ ಅಗಲದ ಆರಡಿ ಹಲಗೆ ಎರಡು, ಗೆರೆ ಹಾಕಿದ ಅಳತೆಯ ಕೋಲು, ಚಿಕ್ಕ ಲಂಗರು, ನೀರೆತ್ತುವ ಡಬ್ಬಿ, ಸ್ಪಂಜು ಬೇಕು. ಎಳೆಯಲು ನೈಲಾನ್ ಹಗ್ಗ ಬಳಸಬೇಡಿ. ಅದು ಹಿಗ್ಗಿ ಬಲ ಕೂಡಿಟ್ಟುಕೊಳ್ಳುತ್ತದೆ. ಗಂಟು ಬಿಟ್ಟರೆ ಅಥವಾ ಕೊಂಡಿ ಕಿತ್ತರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಕಾಲಿಗೆ ಗಟ್ಟಿ ಅಟ್ಟೆಯ ಬೂಟು ಬೇಕೇ ಬೇಕು, ಏಕೆಂದರೆ ಹಿನ್ನೀರಿನ ಅಂಚಿನಲ್ಲಿ ಜಾಲಿಮುಳ್ಳು ಕೆಸರಿನೊಳಗೆ ಹೂತು ಕಾಣದಂತಿರುತ್ತದೆ. ತೇಲುವ ಅಂಗಿಯನ್ನು ದೋಣಿ ಟ್ರೇಲರ್ ಮೇಲೆ ಭದ್ರವಾಗುವವರೆಗೂ ಬಿಚ್ಚಬಾರದು. ಫೋನು ನೀರು ಹೋಗದ ಚೀಲದಲ್ಲಿ ನಿಮ್ಮ ಮೈಮೇಲೆ ಇರಲಿ, ದೋಣಿಯಲ್ಲಿ ಬೇಡ; ತುರ್ತಿಗೆ ಕರೆಯಬೇಕಾದ ಸಂಖ್ಯೆ 112.

ಹಂತ 1: ಏರಿಸುವ ಜಾಗವನ್ನು ಬೆಳಿಗ್ಗೆಯೇ ಗೊತ್ತು ಮಾಡಿ

ಇಳಿಸಲು ಅನುಕೂಲವಾದ ದಂಡೆ ಏರಿಸಲೂ ಅನುಕೂಲವಾಗಿರಬೇಕೆಂದಿಲ್ಲ. ನಮ್ಮ ಭಾಗದ ದಂಡೆಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಮಣ್ಣು. ಗರಸು ಅಥವಾ ಕಲ್ಲುಮಡ್ಡಿಯ ದಂಡೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಎರೆ ಮಣ್ಣಿನ ದಂಡೆ ಹಾಗಲ್ಲ. ನೀರು ಇಳಿದ ಮೇಲೆ ಅದರ ಮೇಲ್ಪದರ ಒಣಗಿ ಬಿರಿದು ಗಟ್ಟಿ ನೆಲದಂತೆ ತೋರುತ್ತದೆ, ಒಂದು ಗೇಣು ಕೆಳಗೆ ಹುದಲು ಹಾಗೇ ಇರುತ್ತದೆ. ಮನುಷ್ಯ ನಡೆದರೆ ತಡೆಯುತ್ತದೆ, ಗಾಲಿ ಹತ್ತಿದರೆ ಅಚ್ಚಿನವರೆಗೆ ಇಳಿಯುತ್ತದೆ.

ಪರೀಕ್ಷೆ ಸುಲಭ. ವಾಹನ ಹೋಗಬೇಕಾದ ದಾರಿಯುದ್ದಕ್ಕೂ ಎರಡು ಹೆಜ್ಜೆಗೊಮ್ಮೆ ಹಾರೆಯನ್ನು ನಿಮ್ಮ ಮೈಭಾರ ಹಾಕಿ ಒತ್ತಿರಿ. ನಾಲ್ಕು ಬೆರಳಿಗಿಂತ ಹೆಚ್ಚು ಇಳಿದರೆ ಅಲ್ಲಿಗೆ ವಾಹನ ಒಯ್ಯಬೇಡಿ. ಹಾರೆ ಕಿತ್ತಾಗ ತುದಿಗೆ ಜಿಗುಟು ಮಣ್ಣು ಮೆತ್ತಿ ಬಂದರೆ, ಮೇಲೆ ಎಷ್ಟೇ ಬಿರುಕು ಕಾಣಲಿ, ಕೆಳಗೆ ನೀರಿದೆ ಎಂದೇ ತಿಳಿಯಬೇಕು.

ಆಮೇಲೆ ಇಳಿಜಾರು ಅಳೆಯಿರಿ. ನೀರಿನ ಅಂಚಿನಿಂದ 4 ಮೀಟರ್ ಒಳಗೆ ಆಳ 50 ಸೆಂಟಿಮೀಟರ್ ಇದ್ದರೆ ಅದು ಎಂಟಕ್ಕೊಂದರ ಇಳಿಜಾರು, ನಮ್ಮ ಕೆಲಸಕ್ಕೆ ಒಳ್ಳೆಯದು. ಈ 50 ಸೆಂಟಿಮೀಟರ್ ಯಾಕೆಂದರೆ, ಸಾಮಾನ್ಯ ಚಿಕ್ಕ ಟ್ರೇಲರ್‌ನ ಹಿಂದಿನ ರೋಲರ್ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದು ನೀರಿನಡಿ ಸ್ವಲ್ಪ ಮುಳುಗಬೇಕು. ಎಂಟಕ್ಕೊಂದರ ದಂಡೆಯಲ್ಲಿ ಹಿಂದಿನ ರೋಲರ್ 4 ಮೀಟರ್ ಒಳಗಿದ್ದಾಗ, 5 ಮೀಟರ್ ಉದ್ದದ ಟ್ರೇಲರ್‌ನ ಕೊಂಡಿ ಇನ್ನೂ ಒಂದು ಮೀಟರ್ ಒಣನೆಲದಲ್ಲೇ ಇರುತ್ತದೆ. ದಂಡೆ ಹದಿನೈದಕ್ಕೊಂದರಷ್ಟು ಚಪ್ಪಟೆಯಾಗಿದ್ದರೆ ಅಷ್ಟೇ ಆಳ ಸಿಗಲು ಏಳೂವರೆ ಮೀಟರ್ ಒಳಗೆ ಹೋಗಬೇಕು, ಆಗ ಕೊಂಡಿಯ ಬುಡದಲ್ಲೇ 17 ಸೆಂಟಿಮೀಟರ್ ನೀರಿರುತ್ತದೆ, ವಾಹನದ ಹಿಂಗಾಲಿಗಳೂ ನೀರಿಗಿಳಿಯುತ್ತವೆ. ಅಂಥ ದಂಡೆಯಲ್ಲಿ ಟ್ರೇಲರ್ ಬಿಚ್ಚಿ ಹಗ್ಗದಿಂದ ಇಳಿಸುವ ವಿಧಾನವೇ ಸರಿ. ಅದನ್ನು ನಾಲ್ಕನೆಯ ಹಂತದಲ್ಲಿ ವಿವರಿಸಿದ್ದೇನೆ. ಆರಕ್ಕೊಂದಕ್ಕಿಂತ ಕಡಿದಾದ ದಂಡೆಯನ್ನು ಬಿಟ್ಟುಬಿಡಿ.

ನೀರಿಗಿಳಿದು ಅಳೆಯುವಾಗ ಕೋಲನ್ನು ಮುಂದೆ ಊರಿ, ಅದು ನೆಲ ಮುಟ್ಟಿದ ಮೇಲೆಯೇ ಹೆಜ್ಜೆ ಇಡಬೇಕು. ಹಿನ್ನೀರಿನಡಿ ಇರುವುದು ಒಂದು ಕಾಲದ ಹೊಲ, ಊರು, ಬಾವಿ. ಮರದ ಬೊಡ್ಡೆ ತಾಗಿದರೆ ದೋಣಿಯ ತಳ ಸೀಳಬಹುದು. ತೆರೆದ ಬಾವಿಗೆ ಕಾಲಿಟ್ಟರೆ ಜೀವಕ್ಕೇ ಎರವಾಗಬಹುದು. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನೂ ಮರೆಯಬಾರದು. ಮೀನುಗಾರರನ್ನೂ ದನ ಮೇಯಿಸುವವರನ್ನೂ ಕೇಳಿ, ಮೊಸಳೆ ಕಂಡ ದಂಡೆಯನ್ನು ಬಿಟ್ಟು ಬೇರೆಡೆ ಹೋಗಿ. ಕತ್ತಲಾಗುವ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಮಾಡುವ ಕೆಲಸ ಇದಲ್ಲ. ಸೂರ್ಯ ಮುಳುಗಲು ಎರಡು ತಾಸು ಇರುವಂತೆಯೇ ದಂಡೆಗೆ ಮರಳಬೇಕು.

ಇನ್ನೊಂದು ಮಾತು ನೀರಿನ ಮಟ್ಟದ್ದು. ಅಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ಮುಂಗಾರಿನಲ್ಲಿ ಒಳಹರಿವು ಹೆಚ್ಚಿದಾಗಲೂ ಗೇಟು ತೆರೆದಾಗಲೂ ಮಟ್ಟ ಬದಲಾಗುತ್ತದೆ, ಚಪ್ಪಟೆ ದಂಡೆಯಲ್ಲಿ ಒಂದು ಗೇಣಿನ ಏರಿಳಿತವೇ ನೀರಿನ ಅಂಚನ್ನು ಹಲವು ಮೀಟರ್ ಸರಿಸುತ್ತದೆ. ಟ್ರೇಲರ್ ಬಿಡುವ ಜಾಗ ಆ ಅಂಚಿನಿಂದ ಸಾಕಷ್ಟು ಮೇಲಿರಲಿ. ಹೊರಡುವ ದಿನ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುವುದು ಒಂದು ನಿಮಿಷದ ಕೆಲಸ.

ಹಂತ 2: ಗಾಳಿಯ ದಿಕ್ಕು ನೋಡಿ ದಂಡೆಗೆ ಬನ್ನಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಡುವಣ ಗಾಳಿಯದೇ ಆಳ್ವಿಕೆ. ಹಾಗಾಗಿ ಮೂಡಣ ದಂಡೆಯಲ್ಲಿ ಗಾಳಿ ದೋಣಿಯನ್ನು ನೆಲಕ್ಕೆ ತಳ್ಳುತ್ತದೆ, ಪಡುವಣ ದಂಡೆಯಲ್ಲಿ ನೀರಿಗೆ ತಳ್ಳುತ್ತದೆ. ಒಬ್ಬರೇ ಇರುವಾಗ ಎರಡನೆಯದೇ ಲೇಸು. ದೋಣಿ ತಾನಾಗಿ ಹಗ್ಗದ ತುದಿಗೆ ಹೋಗಿ ನಿಲ್ಲುತ್ತದೆ, ಅಲೆ ಸಣ್ಣದಿರುತ್ತದೆ, ಮೂತಿ ದಂಡೆಯ ಕಡೆಗೇ ಇರುತ್ತದೆ. ಆಯ್ಕೆ ಇದ್ದಾಗಲೆಲ್ಲ ಗಾಳಿ ನೆಲದಿಂದ ಬೀಸುವ ದಂಡೆಯನ್ನೇ ಹಿಡಿಯಿರಿ.

ಅಂಥ ದಂಡೆಗೆ ಗಾಳಿಗೆ ಓರೆಯಾಗಿ ಅಡ್ಡಡ್ಡ ಹಾಯುತ್ತ ಬಂದು, ಎರಡು ದೋಣಿಯುದ್ದ ಉಳಿದಾಗ ಹಾಯಿಯ ಹಗ್ಗವನ್ನು ಪೂರ್ತಿ ಸಡಿಲ ಬಿಡಬೇಕು. ಹಾಯಿ ಪಟಪಟನೆ ಬಡಿದುಕೊಳ್ಳುತ್ತ ವೇಗ ತಾನೇ ಸಾಯುತ್ತದೆ. ಸೊಂಟದಾಳ ಬಂದಾಗ ಗಾಳಿ ಬರುವ ಬದಿಯಿಂದ ಇಳಿಯಿರಿ.

ಗಾಳಿ ದಂಡೆಯ ಕಡೆಗೇ ಬೀಸುತ್ತಿದ್ದರೆ ಕ್ರಮ ಬೇರೆ. ದಂಡೆಗೆ 30 ಮೀಟರ್ ಇರುವಾಗಲೇ ಮೂತಿಯನ್ನು ಗಾಳಿಗೆ ತಿರುಗಿಸಿ, ಲಂಗರು ಹಾಕಿ, ದೊಡ್ಡ ಹಾಯಿಯನ್ನು ಪೂರ್ತಿ ಇಳಿಸಿ ಕಟ್ಟಿಬಿಡಿ. ಆಮೇಲೆ ಲಂಗರಿನ ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಹಿಂಬದಿ ಮುಂದಾಗಿ ದಂಡೆಗೆ ಜಾರಿ ಬನ್ನಿ. ಹಿಂಬದಿ ಮೊದಲು ಬರುವುದರಿಂದ ಚುಕ್ಕಾಣಿಯನ್ನು ಲಂಗರು ಹಿಡಿದ ಕೂಡಲೇ ತೆಗೆದಿಡಬೇಕು. ಗಾಳಿಯ ಬೆನ್ನ ಮೇಲೆ ತುಂಬಿದ ಹಾಯಿಯೊಂದಿಗೆ ದಂಡೆಗೆ ನುಗ್ಗುವುದು ನಾನು ಕಂಡ ತಪ್ಪುಗಳಲ್ಲೇ ದುಬಾರಿಯಾದದ್ದು. ಆಗ ಹಾಯಿ ಬದಿಯ ತಂತಿಗೆ (ಹಾಯಿಕಂಬವನ್ನು ಪಕ್ಕಗಳಿಂದ ಬಿಗಿದಿಡುವ ತಂತಿ) ಒತ್ತಿಕೊಂಡು ಇಳಿಯುವುದಿಲ್ಲ, ದೋಣಿಯೂ ನಿಲ್ಲುವುದಿಲ್ಲ.

ಇಳಿದ ಮೇಲೆ ದೋಣಿಗೂ ದಂಡೆಗೂ ನಡುವೆ ಎಂದಿಗೂ ನಿಲ್ಲಬಾರದು. ನೂರೈವತ್ತು ಕಿಲೋ ದೋಣಿ ಒಂದು ಅಲೆಯ ಮೇಲೆ ಬಂದರೆ ಮೊಣಕಾಲು ಮುರಿಯಲು ಸಾಕು.

ಹಂತ 3: ಕಟ್ಟಿ, ಹಗುರ ಮಾಡಿ

ಮೂತಿಯ ಹಗ್ಗವನ್ನು ದಂಡೆಯಲ್ಲಿ ಬೆಳಿಗ್ಗೆಯೇ ಬಡಿದಿಟ್ಟ ಗೂಟಕ್ಕೆ ಕಟ್ಟಿ. ಗೂಟ ದೋಣಿಯ ಎಳೆತಕ್ಕೆ ಎದುರಾಗಿ ವಾಲಿರಬೇಕು; ದನ ಕಟ್ಟುವವರಿಗೆ ಇದನ್ನು ಹೇಳಬೇಕಾಗಿಲ್ಲ. ಟ್ರೇಲರ್ ನಿಲ್ಲುವ ಜಾಗದಿಂದ ಗೂಟ ನಾಲ್ಕೈದು ಮೀಟರ್ ಪಕ್ಕಕ್ಕೆ, ಗಾಳಿ ಬರುವ ಕಡೆಗೆ ಇರಲಿ. ದೋಣಿ ಮೊಣಕಾಲುದ್ದದ ನೀರಿನಲ್ಲಿ ತೇಲುತ್ತಲೇ ಇರಬೇಕು. ಅದನ್ನು ಕೆಸರಿಗೆ ಎಳೆದು ಕೂರಿಸಿದರೆ ತಳಕ್ಕೆ ಮಣ್ಣು ಹಿಡಿದು ಮತ್ತೆ ಬಿಡಿಸುವುದೇ ಒಂದು ಕೆಲಸವಾಗುತ್ತದೆ.

ಈಗ ಹಾಯಿಗಳನ್ನು ಇಳಿಸಿ, ಬೂಮ್ (ಹಾಯಿಯ ಕೆಳಅಂಚಿನ ಅಡ್ಡಕೋಲು) ಕಳಚಿ ದೋಣಿಯೊಳಗೆ ಮಲಗಿಸಿ, ಸೆಂಟರ್‌ಬೋರ್ಡನ್ನು (ದೋಣಿಯ ನಡುವಿನ ಪೆಟ್ಟಿಗೆಯಿಂದ ನೀರಿಗಿಳಿಯುವ ಹಲಗೆ) ಪೂರ್ತಿ ಮೇಲೆತ್ತಿ ಕಟ್ಟಿ. ಸುಮ್ಮನೆ ಎತ್ತಿಬಿಟ್ಟರೆ ಸಾಲದು. ಏರಿಸುವ ನಡುವೆ ಅದು ಜಾರಿ ಕೆಳಗಿಳಿದರೆ ರೋಲರುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಗ ವಿಂಚ್ ಎಳೆದಷ್ಟೂ ಅದರ ಪೆಟ್ಟಿಗೆ ಬಿರಿಯುತ್ತ ಹೋಗುತ್ತದೆ. ಚುಕ್ಕಾಣಿಯನ್ನು ತೆಗೆಯಿರಿ; ಅದು ಟ್ರೇಲರ್‌ನ ಅಡ್ಡಪಟ್ಟಿಗೆ ತಾಗಿ ಮುರಿಯುವುದು ಸಾಮಾನ್ಯ.

ಒಳಗಿನ ನೀರನ್ನು ಪೂರ್ತಿ ಎತ್ತಿ ಚೆಲ್ಲಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 150 ಕಿಲೋ ದೋಣಿ ಮತ್ತು 120 ಕಿಲೋ ಟ್ರೇಲರ್ ಸೇರಿದರೆ 270 ಕಿಲೋ. ಎಂಟಕ್ಕೊಂದರ ಇಳಿಜಾರಿನಲ್ಲಿ ಇದನ್ನು ತಡೆದು ಹಿಡಿಯಲಷ್ಟೇ ಸುಮಾರು 34 ಕಿಲೋದ ಎಳೆತ ಬೇಕು, ಕೆಸರಿನ ತಡೆ ಇದಕ್ಕೆ ಹೊರತು. ತಳದಲ್ಲಿ 60 ಲೀಟರ್ ನೀರು ಉಳಿದರೆ ಈ ಎಳೆತ 41 ಕಿಲೋಗೆ ಏರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೂತಿ ಮೇಲೇಳುತ್ತಿದ್ದಂತೆ ಆ ನೀರೆಲ್ಲ ಹಿಂಬದಿಗೆ ಓಡಿ ದೋಣಿಯನ್ನು ರೋಲರ್ ಮೇಲಿಂದ ಹಿಂದಕ್ಕೆ ಜಗ್ಗುತ್ತದೆ.

ಹಂತ 4: ಟ್ರೇಲರ್ ಇಳಿಸುವುದು

ನೀರಿನ ಅಂಚಿಗೆ ಹೋಗುವ ಮೊದಲು ಗಾಲಿಯ ನಡುಗುಂಬದ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ಅರ್ಧ ತಾಸು ಬಿಡಿ. ಬಿಸಿ ಬೇರಿಂಗ್ ತಣ್ಣೀರಿಗೆ ಇಳಿದ ಕ್ಷಣ ಒಳಗಿನ ಗಾಳಿ ಕುಗ್ಗಿ ನೀರನ್ನೂ ಹೂಳನ್ನೂ ಒಳಗೆ ಹೀರಿಕೊಳ್ಳುತ್ತದೆ. ದೀಪದ ತಂತಿಯ ಕೊಂಡಿಯನ್ನು ಬಿಚ್ಚಿ, ವಿಂಚ್‌ನ ಪಟ್ಟಿಯನ್ನು ದೋಣಿಯ ಮೂತಿ ಮುಟ್ಟುವಷ್ಟು ಮೊದಲೇ ಬಿಡಿಸಿಟ್ಟುಕೊಳ್ಳಿ. ಡ್ರಮ್ಮಿನ ಮೇಲೆ ಕಡಿಮೆಯೆಂದರೂ ಮೂರು ಸುತ್ತು ಉಳಿದಿರಲಿ.

ಗಟ್ಟಿ ದಂಡೆಯಲ್ಲಿ ವಾಹನದ ಹಿಂದೆಯೇ ಟ್ರೇಲರ್ ಇರಿಸಿ ನಿಧಾನವಾಗಿ ಹಿಮ್ಮುಖವಾಗಿ ಬನ್ನಿ. ಕಿಟಕಿಗಳ ಗಾಜು ಇಳಿದಿರಲಿ, ಸೀಟ್‌ಬೆಲ್ಟ್ ಬಿಚ್ಚಿರಲಿ. ವಾಹನ ಜಾರಿದರೆ ಹೊರಬರಲು ದಾರಿ ಬೇಕು. ನಿಂತ ಮೇಲೆ ಕೈಬ್ರೇಕ್ ಎಳೆದು, ಎಂಜಿನ್ ಆರಿಸಿ, ಒಂದನೆಯ ಗೇರ್ ಹಾಕಿ, ವಾಹನದ ಹಿಂಗಾಲಿಗಳ ಹಿಂದೆ ಬೆಣೆ ಕೊಡಿ. ಬೆಣೆಯಿಲ್ಲದೆ ಕೈಬ್ರೇಕ್ ಒಂದನ್ನೇ ನಂಬಿ ವಾಹನದಿಂದ ಇಳಿಯಬಾರದು.

ಮೆತ್ತನೆಯ ಅಥವಾ ಚಪ್ಪಟೆ ದಂಡೆಯಲ್ಲಿ ವಾಹನವನ್ನು ಮೇಲೆ ಗಟ್ಟಿ ನೆಲದಲ್ಲೇ ನಿಲ್ಲಿಸಿ, ಬೆಣೆ ಕೊಟ್ಟು, ಪಾಲಿಯೆಸ್ಟರ್ ಹಗ್ಗದ ಒಂದು ತುದಿಯನ್ನು ವಾಹನದ ಎಳೆಗೊಕ್ಕೆಗೂ ಇನ್ನೊಂದನ್ನು ಟ್ರೇಲರ್‌ನ ಚೌಕಟ್ಟಿಗೂ ಕಟ್ಟಿದ ನಂತರವೇ ಟ್ರೇಲರ್ ಬಿಚ್ಚಬೇಕು. ಹಗ್ಗ ಕಟ್ಟುವ ಮೊದಲು ಬಿಚ್ಚಿದ ಟ್ರೇಲರ್ ಇಳಿಜಾರಿನಲ್ಲಿ ನಿಮ್ಮ ಮಾತು ಕೇಳುವುದಿಲ್ಲ. ಹಗ್ಗವನ್ನು ಕೊಕ್ಕೆಗೆ ಎರಡು ಸುತ್ತು ಹಾಕಿ, ಸುತ್ತಿನ ಬಿಗಿಯಲ್ಲೇ ಸ್ವಲ್ಪಸ್ವಲ್ಪ ಬಿಟ್ಟರೆ ಟ್ರೇಲರ್ ಕೈಯಳತೆಯಲ್ಲಿ ಇಳಿಯುತ್ತದೆ. ಮುಂದಿನ ಚಿಕ್ಕ ಗಾಲಿ ಕೆಸರಿಗೆ ಮೊದಲು ಹೂಳುವುದರಿಂದ ಅದರಡಿ ಹಲಗೆ ಹಾಸುತ್ತ ಹೋಗಬೇಕು. ಕಬ್ಬಿನ ಹಂಗಾಮಿನಲ್ಲಿ ಹತ್ತಿರದ ಹೊಲದವರನ್ನು ಕೇಳಿದರೆ ರವದಿ (ಕಬ್ಬಿನ ಒಣ ಸೋಗೆ) ಸಿಗುತ್ತದೆ. ದೊಡ್ಡ ಗಾಲಿಗಳ ದಾರಿಗೆ ಅದನ್ನು ಒಂದು ಗೇಣು ದಪ್ಪ ಹಾಸಿದರೆ ಎರೆ ಮಣ್ಣಿನಲ್ಲಿ ಅದರಷ್ಟು ಒಳ್ಳೆಯ ಹಾಸು ಬೇರೊಂದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ನೀರಿಗೆ ಬಿಡದೆ ದಂಡೆಯ ಮೇಲಕ್ಕೆ ಎಳೆದುಹಾಕಿ.

ಆಳದ ಮಾತನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿಯೇ. ಟ್ರೇಲರ್ ಆಳ ಸಾಲದಿದ್ದರೆ ಇಡೀ ದೋಣಿಯನ್ನು ಎತ್ತಿ ರೋಲರ್ ಹತ್ತಿಸಬೇಕಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಆಳ ಹೆಚ್ಚಾದರೆ ಏನಾಗುತ್ತದೆಂದು ಬಹಳ ಮಂದಿ ಯೋಚಿಸುವುದಿಲ್ಲ. ದೋಣಿ ಟ್ರೇಲರ್ ಮೇಲೆ ಎಲ್ಲೂ ತಾಗದೆ ಸುಲಭವಾಗಿ ತೇಲಿ ಬರುತ್ತದೆ, ಮೂತಿ ರಬ್ಬರಿನ ತಡೆಗೆ ತಾಗುತ್ತದೆ, ಎಲ್ಲ ಸರಿಯಾಯಿತೆಂದು ವಾಹನ ಹತ್ತುತ್ತಾರೆ. ಅಷ್ಟರಲ್ಲಿ ಗಾಳಿ ದೋಣಿಯ ಹಿಂಬದಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿರುತ್ತದೆ. ಟ್ರೇಲರ್ ಮೇಲೆ ಬಂದಾಗ ದೋಣಿ ಗಾಲಿಯ ಮಣ್ಣುತಡೆಯ ಮೇಲೆ ಓರೆಯಾಗಿ ಕೂತಿರುತ್ತದೆ. ನಾನು ಮೊದಲ ವರ್ಷ ಹೀಗೆಯೇ ಒಂದು ಸಂಜೆ ಮೂರು ಸಲ ಎಳೆದು ಮೂರು ಸಲವೂ ಮತ್ತೆ ನೀರಿಗೆ ಬಿಡಬೇಕಾಯಿತು, ನಾಲ್ಕನೆಯ ಸಲ ಕತ್ತಲಲ್ಲಿ ತಳಕ್ಕೆ ಒಂದು ಅಡಿ ಉದ್ದದ ಗೀರು ಬಿತ್ತು. ಬೇಕಾಗಿದ್ದದ್ದು ಟ್ರೇಲರನ್ನು ಒಂದು ಮೀಟರ್ ಮುಂದಕ್ಕೆ ತರುವುದಷ್ಟೇ.

ಸರಿಯಾದ ಆಳ ಇಷ್ಟು: ಕೊನೆಯ ರೋಲರ್ ನೀರಿನಡಿ ನಾಲ್ಕು ಬೆರಳು ಮುಳುಗಿರಬೇಕು, ಮುಂದಿನ ರೋಲರುಗಳು ನೀರಿನ ಮೇಲೆ ಕಾಣುತ್ತಿರಬೇಕು. ಆಗ ಮೂತಿ ತೇಲುತ್ತ ಬಂದು ಹಿಂದಿನ ರೋಲರ್ ಹತ್ತುತ್ತದೆ, ಮುಂದೆ ಬಂದಷ್ಟೂ ದೋಣಿಯ ತಳದ ನಡುಗೆರೆ ರೋಲರುಗಳ ನಡುವೆ ತಾನೇ ನೇರವಾಗುತ್ತದೆ, ಹಿಂಬದಿ ಮಾತ್ರ ಇನ್ನೂ ತೇಲುತ್ತಿರುತ್ತದೆ. ರೋಲರ್ ಇಲ್ಲದೆ ಉದ್ದ ಹಲಗೆಗಳಿರುವ ಟ್ರೇಲರಾದರೆ ಹಲಗೆಯ ಮೂರನೇ ಎರಡು ಪಾಲು ಮುಳುಗಬೇಕು, ಹಲಗೆಗೆ ಹಾಕಿದ ಬಟ್ಟೆ ಪೂರ್ತಿ ಒದ್ದೆಯಾಗಿರಬೇಕು.

ಹಂತ 5: ದೋಣಿಯನ್ನು ಟ್ರೇಲರಿನ ನೇರಕ್ಕೆ ತರುವುದು

ಇದಕ್ಕೆ ಎರಡು ಹಗ್ಗ ಬೇಕು: ಮೂತಿಗೆ ಒಂದು, ಹಿಂಬದಿಯಲ್ಲಿ ಗಾಳಿ ಬರುವ ಬದಿಗೆ ಒಂದು. ಹಿಂಬದಿಯದು ತೇಲುವ ಹಗ್ಗವಾಗಿರಲಿ, ಕಾಲಿಗಾಗಲಿ ಅಚ್ಚಿಗಾಗಲಿ ಸುತ್ತಿಕೊಳ್ಳುವುದಿಲ್ಲ. ಎರಡನ್ನೂ ಕೈಯಲ್ಲಿ ಹಿಡಿದು ಗಾಳಿ ಬರುವ ಕಡೆ, ಟ್ರೇಲರ್‌ನ ಹಿಂದಿನ ಕೊಳವೆಯ ಹತ್ತಿರ ತೊಡೆಮಟ್ಟದ ನೀರಿನಲ್ಲಿ ನಿಲ್ಲಿ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬೇಡಿ.

ಗಾಳಿ ಅಡ್ಡ ಬೀಸುತ್ತಿದ್ದರೆ ದೋಣಿಯನ್ನು ಟ್ರೇಲರಿನ ನಡುವಿಗೆ ಗುರಿಯಿಡದೆ ಗಾಳಿ ಬರುವ ಬದಿಯ ಕೊಳವೆಗೆ ಗುರಿಯಿಟ್ಟು ತನ್ನಿ. ನಡುವೆ ಬರುವ ಹೊತ್ತಿಗೆ ಗಾಳಿ ಅದನ್ನು ತಳ್ಳಿ ಸರಿಯಾದ ಜಾಗಕ್ಕೆ ತಂದಿರುತ್ತದೆ. ಗಾಳಿಯ ಒಂದು ಬೀಸು ಮುಗಿದು ಮತ್ತೊಂದು ಬರುವ ಮುನ್ನಿನ ಬಿಡುವಿಗೆ ಕಾಯಿರಿ. ನೀರಿನ ಮೇಲೆ ಕಪ್ಪಗೆ ಸುಕ್ಕು ಓಡಿ ಬರುತ್ತಿದ್ದರೆ ಬೀಸು ಬರುತ್ತಿದೆ ಎಂದರ್ಥ.

ಮೂತಿ ಕೊನೆಯ ರೋಲರ್ ಮೇಲೆ ಕೂತ ಕೂಡಲೇ ವಿಂಚ್‌ನ ಕೊಕ್ಕೆಯನ್ನು ಮೂತಿಯ ಬಳೆಗೆ ಹಾಕಿ. ಅದಕ್ಕೆ ಮೊದಲು ಮೂತಿಯ ಹಗ್ಗವನ್ನು ಕೈಬಿಡಬಾರದು. ಹಿಂಬದಿಯ ಹಗ್ಗವನ್ನು ದಂಡೆಯ ಎರಡನೆಯ ಗೂಟಕ್ಕೆ ಬಿಗಿದು ಕಟ್ಟಿದರೆ, ನೀವು ವಿಂಚ್ ಕಡೆ ನಡೆದು ಹೋಗುವಾಗ ದೋಣಿ ತಿರುಗುವುದಿಲ್ಲ.

ಹಂತ 6: ವಿಂಚ್

ಹಲ್ಲುಚಕ್ರದ ತಡೆಗೊಕ್ಕೆ ಕಚ್ಚಿದೆಯೇ ಎಂದು ಕಿವಿಯಿಂದ ಖಚಿತಪಡಿಸಿಕೊಳ್ಳಿ. ಪ್ರತಿ ಹಲ್ಲಿಗೂ ಟಕ್ ಎಂಬ ಸದ್ದು ಬರಬೇಕು. ಪಟ್ಟಿಯ ನೇರಕ್ಕಾಗಲಿ ಟ್ರೇಲರ್‌ನ ಹಿಂದಾಗಲಿ ನಿಲ್ಲಬಾರದು, ಪಕ್ಕದಲ್ಲಿ ನಿಂತು ತಿರುಗಿಸಬೇಕು. ಪಟ್ಟಿಯ ಮೇಲೆ ಒದ್ದೆ ಗೋಣಿತಟ್ಟು ಹಾಕಿದರೆ ಕಿತ್ತರೂ ಬೀಸುವ ಬಲ ಕುಗ್ಗುತ್ತದೆ.

ಹತ್ತು ಸುತ್ತಿಗೊಮ್ಮೆ ನಿಲ್ಲಿಸಿ, ಹಿಂದೆ ಹೋಗಿ ನೋಡಿ: ತಳದ ನಡುಗೆರೆ ಪ್ರತಿ ರೋಲರ್‌ನ ನಡುವೆಯೇ ಇದೆಯೇ, ಎರಡೂ ಕೊಳವೆಗಳಿಗೆ ದೋಣಿಯ ಅಂತರ ಸಮವಾಗಿದೆಯೇ. ಡ್ರಮ್ಮಿನ ಮೇಲೆ ಪಟ್ಟಿ ದಪ್ಪವಾದಂತೆ ಅದೇ ಎಳೆತಕ್ಕೆ ಹೆಚ್ಚು ಬಲ ಬೇಕಾಗುತ್ತದೆ. ಕೊನೆಯ ಒಂದು ಮೀಟರ್ ಸ್ವಲ್ಪ ಭಾರವೆನಿಸುವುದು ಸಹಜ. ಇದ್ದಕ್ಕಿದ್ದಂತೆ ಭಾರವಾಗುವುದು ಸಹಜವಲ್ಲ. ಆಗ ಕೈ ನಿಲ್ಲಿಸಿ. ಸೆಂಟರ್‌ಬೋರ್ಡ್ ಇಳಿದಿರಬಹುದು, ದೋಣಿಯ ಅಂಚು ಚೌಕಟ್ಟಿಗೆ ಸಿಕ್ಕಿರಬಹುದು, ಅಥವಾ ಬದಿಯ ತಂತಿ ಕೊಳವೆಗೆ ತೊಡರಿರಬಹುದು. ಬಲ ಹಾಕಿ ದಾಟಿಸಿದ ತೊಡಕು ಯಾವಾಗಲೂ ಏನನ್ನಾದರೂ ಮುರಿದೇ ದಾಟುತ್ತದೆ.

ದೋಣಿ ಓರೆಯಾಗಿದ್ದರೆ ತಿದ್ದುವ ದಾರಿ ಒಂದೇ: ಒಂದು ಮೀಟರ್ ಹಿಂದಕ್ಕೆ ಬಿಟ್ಟು, ತೇಲಿಸಿ, ಮತ್ತೆ ತರುವುದು. ಹಿಂದಕ್ಕೆ ಬಿಡುವಾಗ ಹಿಡಿಕೆಯನ್ನು ಬಿಗಿಯಾಗಿ ಹಿಡಿದೇ ತಡೆಗೊಕ್ಕೆ ಎತ್ತಬೇಕು. ಹಿಡಿಕೆ ಬಿಟ್ಟು ಕೊಕ್ಕೆ ಎತ್ತಿದರೆ ಅದು ತಿರುಗುವ ವೇಗಕ್ಕೆ ಮಣಿಕಟ್ಟು ಮುರಿದವರಿದ್ದಾರೆ.

ಮೂತಿ ರಬ್ಬರಿನ ತಡೆಗೆ ಒತ್ತಿ ನಿಂತ ಮೇಲೆ, ವಿಂಚ್ ಪಟ್ಟಿಯ ಹೊರತಾಗಿ ಒಂದು ಸರಪಳಿಯನ್ನು ಮೂತಿಯ ಬಳೆಯಿಂದ ವಿಂಚ್ ಕಂಬಕ್ಕೆ ಹಾಕಿ. ಹಿಂಬದಿಯ ಹಗ್ಗವನ್ನು ಗೂಟದಿಂದ ಬಿಚ್ಚಿ ದೋಣಿಯೊಳಗೆ ಹಾಕಿ. ಇದನ್ನು ಮರೆತು ವಾಹನ ಎಳೆದರೆ ದೋಣಿ ಟ್ರೇಲರ್‌ನಿಂದಲೇ ಕೆಳಗಿಳಿಯುತ್ತದೆ.

ಹಂತ 7: ನೀರಿನಿಂದ ಮೇಲಕ್ಕೆ

ವಾಹನ ಹತ್ತುವ ಮೊದಲು ತಲೆಯೆತ್ತಿ ನೋಡಿ. ಹಿನ್ನೀರಿನ ಅಂಚಿನುದ್ದಕ್ಕೂ ಪಂಪ್‌ಸೆಟ್ಟುಗಳಿಗೆ ಎಳೆದ ವಿದ್ಯುತ್ ತಂತಿಗಳಿವೆ, ಕೆಲವು ಕಡೆ ಜೋತುಬಿದ್ದಿವೆ. ಹಾಯಿಕಂಬ ಅಲ್ಯೂಮಿನಿಯಂನದು, ಬದಿಯ ತಂತಿಗಳು ಉಕ್ಕಿನವು, ನೀವು ನಿಂತಿರುವುದು ಒದ್ದೆ ನೆಲದಲ್ಲಿ. 11 ಕೆವಿ ತಂತಿಗೆ ಕಂಬ ತಾಗಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಸಾಕು. ದಾರಿಯಲ್ಲಿ ಎಲ್ಲಾದರೂ ತಂತಿ ಅಡ್ಡ ಬರುತ್ತಿದ್ದರೆ ಅದಕ್ಕೆ ಬಹಳ ಮೊದಲೇ ನಿಲ್ಲಿಸಿ ಕಂಬ ಇಳಿಸಬೇಕು. ಈ ಪರೀಕ್ಷೆಯನ್ನು ಬೆಳಿಗ್ಗೆ ಮಾಡಿದ್ದರೂ ಸಂಜೆ ಮತ್ತೊಮ್ಮೆ ಮಾಡಿ.

ಬೆಣೆ ತೆಗೆದು, ಒಂದನೆಯ ಗೇರಿನಲ್ಲಿ ಅವಸರವಿಲ್ಲದೆ ಎಳೆಯಿರಿ. ಗಾಲಿ ಒಂದು ಸುತ್ತು ಜಾರಿದರೂ ಕಾಲು ತೆಗೆಯಿರಿ. ಜಾರುವ ಗಾಲಿಗೆ ಇನ್ನಷ್ಟು ವೇಗ ಕೊಟ್ಟರೆ ಎರೆ ಮಣ್ಣು ಅದನ್ನು ಹೂಳುತ್ತದೆಯೇ ಹೊರತು ಬಿಡುವುದಿಲ್ಲ. ಮುಂಗಾಲಿಗೆ ಎಂಜಿನ್ ಬಲ ಹೋಗುವ ಕಾರುಗಳಲ್ಲಿ ಏರಿನ ಮೇಲೆ ಭಾರ ಹಿಂದಕ್ಕೆ ಸರಿದು ಮುಂಗಾಲಿಯ ಹಿಡಿತ ಕಡಿಮೆಯಾಗುತ್ತದೆ; ಅಂಥವರು ಗಟ್ಟಿ ದಂಡೆಯಲ್ಲೂ ಹಗ್ಗದ ವಿಧಾನವನ್ನೇ ಬಳಸುವುದು ಒಳ್ಳೆಯದು. ಹಗ್ಗದಿಂದ ಎಳೆಯುವಾಗ ಐದೈದು ಮೀಟರಿಗೆ ನಿಲ್ಲಿಸಿ, ಟ್ರೇಲರ್ ಗಾಲಿಗೆ ಬೆಣೆ ಕೊಟ್ಟು, ಮುಂದಿನ ಚಿಕ್ಕ ಗಾಲಿಯ ಹಲಗೆಯನ್ನು ಮುಂದಕ್ಕೆ ಹಾಸಬೇಕು.

ಇಡೀ ಟ್ರೇಲರ್ ನೀರಿನಿಂದ ಹೊರಬಂದು ಇನ್ನೂ ಇಳಿಜಾರಿನಲ್ಲೇ ಇರುವಾಗ ನಿಲ್ಲಿಸಿ ಹಿಂಬದಿಯ ಬಿರಡೆ ತೆಗೆಯಿರಿ. ಉಳಿದ ನೀರು ತಾನಾಗಿ ಹರಿದುಹೋಗುತ್ತದೆ. ಸಮನೆಲಕ್ಕೆ ಹೋದ ಮೇಲೆ ತೆಗೆದರೆ ಅರ್ಧ ಒಳಗೇ ಉಳಿಯುತ್ತದೆ.

ಹಂತ 8: ಕಂಬ ಇಳಿಸಿ ಕಟ್ಟುವುದು

ತಂತಿಯಿಲ್ಲದ ಸಮನೆಲಕ್ಕೆ ಬಂದು ಟ್ರೇಲರನ್ನು ಗಾಳಿಯ ನೇರಕ್ಕೆ ನಿಲ್ಲಿಸಿ. ಅಡ್ಡಗಾಳಿಯಲ್ಲಿ ಕಂಬ ಇಳಿಸಬಾರದು. ಹಿಂಬದಿಗೆ ಅಡ್ಡಲಾಗಿ ಒಂದು ಪಟ್ಟಿ ಬಿಗಿದ ಮೇಲೆ, ಹಾಯಿ ಏರಿಸುವ ಹಗ್ಗವನ್ನು ಮುಂದಕ್ಕೆ ತಂದು ವಿಂಚ್ ಕಂಬಕ್ಕೆ ಎರಡು ಸುತ್ತು ಹಾಕಿ ಕೈಯಲ್ಲಿ ಹಿಡಿಯಿರಿ. ಕಂಬದ ಭಾರ ಆ ಹಗ್ಗದ ಮೇಲೆ ಬಂದ ನಂತರವೇ ಕಂಬವನ್ನು ಮುಂಬದಿಯಿಂದ ಬಿಗಿದಿಟ್ಟ ತಂತಿಯನ್ನು ಬಿಚ್ಚಿ. ಕಂಬವನ್ನು ಹಿಂದಕ್ಕೆ ನಿಧಾನವಾಗಿ ಬಿಡುತ್ತ, ಹಿಂಬದಿಯಲ್ಲಿ ಮೊದಲೇ ನಿಲ್ಲಿಸಿದ ಕವಲುಗೋಲಿನ ಮೇಲೆ ಕೂರಿಸಿ. ಬುಡದಲ್ಲಿ ಕೀಲಿಲ್ಲದ ಕಂಬವನ್ನು ನೇರ ಮೇಲೆತ್ತಿ ತೆಗೆಯಬೇಕು; ಅದು ನಿಮ್ಮ ಎತ್ತರದ ಮೂರು ಪಟ್ಟಿಗಿಂತ ಉದ್ದವಾಗಿದ್ದರೆ ಒಬ್ಬರೇ ಮಾಡಬೇಡಿ.

ಟ್ರೇಲರ್ ಮೂತಿ ವಾಹನದ ಕೊಂಡಿಯ ಮೇಲೆ ಹಾಕುವ ಭಾರ ಒಟ್ಟು ತೂಕದ ನೂರಕ್ಕೆ 5ರಿಂದ 10ರಷ್ಟಿರಬೇಕು: 270 ಕಿಲೋಗೆ ಸುಮಾರು 14ರಿಂದ 27 ಕಿಲೋ. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಹಾವಿನಂತೆ ಓಲಾಡುತ್ತದೆ. ಲಂಗರು, ಚುಕ್ಕಾಣಿ, ಒದ್ದೆ ಹಗ್ಗಗಳನ್ನು ಹಿಂಬದಿಗೆ ತುಂಬುವುದೇ ಇದಕ್ಕೆ ಸಾಮಾನ್ಯ ಕಾರಣ. ಹಿಂದೆ ಚಾಚಿದ ಕಂಬದ ತುದಿಗೆ ಕೆಂಪು ಬಟ್ಟೆ ಕಟ್ಟಿ, ದೀಪದ ಕೊಂಡಿ ಮತ್ತೆ ಹಾಕಿ, ಬ್ರೇಕ್ ದೀಪ ಹತ್ತುತ್ತದೆಯೇ ನೋಡಿ. ಕಬ್ಬು ನುರಿಸುವ ತಿಂಗಳುಗಳಲ್ಲಿ ದೀಪವಿಲ್ಲದ ಟ್ರ್ಯಾಕ್ಟರುಗಳ ಹಿಂದೆ ಥಟ್ಟನೆ ಬ್ರೇಕ್ ಹಾಕಬೇಕಾಗುತ್ತದೆ. ದೋಣಿ ಮುಂದಕ್ಕೆ ನುಗ್ಗದಂತೆ ಹಿಂದಕ್ಕೆಳೆದು ಕಟ್ಟಿದ ಒಂದು ಪಟ್ಟಿಯೂ ಇರಲಿ.

ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಹಿನ್ನೀರಿನ ಮೇಲೆ ಬಿಳಿ ನೊರೆಯ ಅಲೆಗಳು ಎದ್ದಿದ್ದರೆ, ಮುಂಗಾರುಪೂರ್ವ ಮಳೆಯ ಮೋಡ ಕವಿದು ಗಾಳಿ ಒಮ್ಮೆಲೇ ನಿಂತುಹೋದರೆ, ಗುಡುಗು ಕೇಳಿಸಿದರೆ, ಎರಡು ಪ್ರಯತ್ನ ವಿಫಲವಾಗಿ ಕೈ ನಡುಗತೊಡಗಿದ್ದರೆ, ಮೂರನೆಯ ಪ್ರಯತ್ನ ಬೇಡ. ಗುಡುಗಿದ್ದರೆ ಕಂಬ ನಿಂತ ದೋಣಿಯಿಂದ ದೂರ ಹೋಗಿ. ಉಳಿದ ಸಂದರ್ಭಗಳಲ್ಲಿ ದೋಣಿಯನ್ನು ಎರಡು ಗೂಟಕ್ಕೂ ಲಂಗರಿಗೂ ಕಟ್ಟಿ, ಹಾಯಿ ಮತ್ತು ಬೆಲೆಬಾಳುವ ಸಾಮಾನು ಇಳಿಸಿ, ಖಾಲಿ ಟ್ರೇಲರನ್ನು ಮೇಲಕ್ಕೆ ಎಳೆದು ನಿಲ್ಲಿಸಿ. ಬೆಳಗಿನ ಆರು ಗಂಟೆಗೆ ಗಾಳಿ ಬಹುಮಟ್ಟಿಗೆ ಮಲಗಿರುತ್ತದೆ, ಅದೇ ಕೆಲಸ ಅರ್ಧ ತಾಸಿನಲ್ಲಿ ಮುಗಿಯುತ್ತದೆ.

ವಾಹನ ಹೂತರೆ ದೋಣಿಯನ್ನು ಮೊದಲು ನೀರಿಗೆ ಮರಳಿ ಬಿಟ್ಟು ಗೂಟಕ್ಕೆ ಕಟ್ಟಿ, ಟ್ರೇಲರ್ ಬಿಚ್ಚಿ, ಆಮೇಲೆ ಟ್ರ್ಯಾಕ್ಟರ್ ಕರೆಯಿರಿ. ಮೂರನ್ನೂ ಒಟ್ಟಿಗೆ ಎಳೆಯಿಸಿದರೆ ಕೊಂಡಿ ಕೀಳುತ್ತದೆ.

ದಾರಿಯಲ್ಲಿ ಮತ್ತು ಮನೆಯಲ್ಲಿ

ಎರಡು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಪಟ್ಟಿಗಳನ್ನೂ ಮತ್ತೆ ಬಿಗಿಯಿರಿ. ಒದ್ದೆ ಪಟ್ಟಿ ಮೊದಲ ಕುಲುಕಿಗೇ ಸಡಿಲವಾಗುತ್ತದೆ. ಗಾಲಿಯ ನಡುಗುಂಬ ಮುಟ್ಟಿ ನೋಡಿ, ಒಂದು ಇನ್ನೊಂದಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅದರ ಬೇರಿಂಗ್‌ಗೆ ನೀರು ಹೋಗಿದೆ ಎಂದು ತಿಳಿದು ನಿಧಾನವಾಗಿ ಹೋಗಿ. ಮನೆಯಲ್ಲಿ ಗಾಲಿ, ರೋಲರ್, ವಿಂಚ್‌ಗಳಿಗೆ ಮೆತ್ತಿದ ಎರೆ ಮಣ್ಣನ್ನು ಅದೇ ದಿನ ತೊಳೆಯಬೇಕು, ಒಣಗಿದರೆ ಅದು ಕಲ್ಲಿನಂತಾಗಿ ರೋಲರ್ ತಿರುಗುವುದಿಲ್ಲ. ತೊಳೆದ ಮೇಲೆ ಬೇರಿಂಗ್‌ಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದನ್ನು ತುಂಬಿ, ವಿಂಚ್‌ನ ಪಟ್ಟಿಯನ್ನು ಪೂರ್ತಿ ಬಿಡಿಸಿ ನೆರಳಲ್ಲಿ ಒಣಗಿಸಿ, ಹೊಲಿಗೆ ಸವೆದ ಗುರುತು ಕಂಡರೆ ಮುಂದಿನ ಸಲ ದಂಡೆಗೆ ಹೋಗುವ ಮೊದಲೇ ಬದಲಾಯಿಸಿ.